ಮೈಯೇ ಬಂಡವಾಳವಾದವರ ಯೋಗಕ್ಷೇಮ

ಹಿಂದಿನ ಸಂಚಿಕೆಯಲ್ಲಿ ಮಕ್ಕಳ ಕೈಬರಹದ ವಿಷಯವಾಗಿ ನಾಲ್ಕು ಮಾತು ಬರೆದು, ಈ ತಿಂಗಳು ಅದನ್ನೇ ಮುಂದುವರಿಸುವೆನೆಂದು ವಾಚಕ ಮಹಾಶಯರಿಗೆ ಮಾತು ಕೊಟ್ಟಿದ್ದೆನಷ್ಟೆ. ಆ ಮಾತಿಗೆ ಒಂದು ತಿಂಗಳ ಮಟ್ಟಿಗೆ ತಪ್ಪಬೇಕಾಗಿ ಬಂದಿದೆ, ಕ್ಷಮಿಸಬೇಕು. ನಾನು ಹೇಳಿಕೊಟ್ಟು ಬರೆಯಿಸಿದ ಒಂದೇ ಒಂದು ಪದದಿಂದ ನನ್ನ ಶಿಷ್ಯನೊಬ್ಬನ ಸಂಸಾರಕ್ಕೆ ಸಾವಿರಾರು ರೂಪಾಯಿ ನಷ್ಟವಾಯಿತು. ಅದನ್ನು ಹೇಳಿಕೊಳ್ಳುವವರೆಗೆ ಕೈಬರಹದ ಅಂದಚಂದವನ್ನು ಕುರಿತು ಬರೆಯಲು ನನಗೆ ಮನಸ್ಸು ಬಾರದು.

ಈ ಶಿಷ್ಯನು ಪಾಠದಲ್ಲಿ ಸಾಧಾರಣ, ಆಟದಲ್ಲಿ ಅಗ್ರಗಣ್ಯ. ಈಗ ಅವನಿಗೆ ಮೂವತ್ತಾರು ವರ್ಷ. ಮೈಸೂರಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದಾನೆ. ಒಂದು ಸಂಸ್ಥೆಯಲ್ಲಿ ನೌಕರಿ ಹಿಡಿದವನಲ್ಲ. ಬೆಳಗ್ಗೆ ಐದೂವರೆಗೆ ಒಂದು ಜಿಮ್ಮು, ಏಳೂವರೆಗೆ ಒಂದು ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿ ಯೋಗಾಸನದ ತರಗತಿ, ಸಾಯಂಕಾಲ ಇಬ್ಬರು ಮೂವರು ಗೃಹಸ್ಥರ ಮನೆಗಳು, ರಾತ್ರಿ ಮತ್ತೊಂದು ಜಿಮ್ಮು. ಕಲಿಸಿದ ಗಂಟೆಗೆ ಹಣವುಂಟು. ಕಲಿಸದ ಗಂಟೆಗೆ ಇಲ್ಲ. ತಿಂಗಳ ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ. ನಗರಗಳಲ್ಲಿ ಇಂಥ ತರುಣ ತರುಣಿಯರು ಈಗ ಬಹುಮಂದಿ ಇದ್ದಾರೆ. ಈ ಲೇಖನವನ್ನು ಓದುವ ಗೃಹಸ್ಥರ ಮನೆಗಳಲ್ಲಿಯೇ ಅಂಥ ಮಗನೋ ಸೊಸೆಯೋ ಇದ್ದಾರು.

ಹಿಂದಿನ ಕಾಲದ ವ್ಯವಸ್ಥೆ ಬೇರೆಯಾಗಿತ್ತು. ಗರಡಿಯ ಉಸ್ತಾದನಿಗೆ ಕೇರಿಯವರು ಅಕ್ಕಿ ಬೇಳೆ ಒದಗಿಸುತ್ತಿದ್ದರು. ಜಟ್ಟಿಗಳಿಗೆ ಅರಮನೆಯ ಆಶ್ರಯವಿತ್ತು. ಶ್ರೀ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಿಂದ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಕಟ್ಟಿ ಬೆಳೆಸಿದ, ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಮಗೆಲ್ಲ ಪ್ರಿಯರಾದ ಕೆ. ವಿ. ಅಯ್ಯರ್ ಅವರಿಗಾದರೋ ಸ್ವಂತ ಶಾಲೆಯೇ ಇತ್ತು. ಇಂದಿನ ಸ್ವತಂತ್ರ ಶಿಕ್ಷಕನಿಗೆ ಕೇರಿಯೂ ಇಲ್ಲ, ಅರಮನೆಯೂ ಇಲ್ಲ, ಶಾಲೆಯೂ ಇಲ್ಲ. ಅವನ ಬಂಡವಾಳವೆಲ್ಲ ಅವನ ಎರಡು ಮೊಣಕಾಲು, ಒಂದು ಸೊಂಟ, ಎರಡು ಭುಜಗಳಲ್ಲಿ ಅಡಗಿದೆ. ಜವಳಿ ಅಂಗಡಿಯವನು ಬಟ್ಟೆಯ ದಾಸ್ತಾನಿಗೆ ಬೆಂಕಿಯ ವಿಮೆ ಮಾಡಿಸುತ್ತಾನೆ. ಇವನು ತನ್ನ ದಾಸ್ತಾನನ್ನು ದಿನವೂ ಮೈಸೂರಿನ ರಸ್ತೆಗಳಲ್ಲಿ ದ್ವಿಚಕ್ರವಾಹನದ ಮೇಲೆ ಕೊಂಡೊಯ್ಯುತ್ತಾನೆ, ವಿಮೆಯೆಂದರೆ ಮಾತ್ರ, “ನಾನು ಗಟ್ಟಿಯಾಗಿದ್ದೇನೆ, ನನಗೇಕೆ?” ಎನ್ನುತ್ತಾನೆ.

ಸರಕಾರಿ ನೌಕರಿಯಲ್ಲಿ ಕಾಲ ಕಳೆದ ನನ್ನಂಥವರಿಗೆ ಈ ಚಿಂತೆಯ ಬಿಸಿಯೇ ತಟ್ಟಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1891ರಷ್ಟು ಹಿಂದೆಯೇ ನೌಕರರಿಗಾಗಿ ಸರಕಾರವು ಜೀವವಿಮೆಯನ್ನು ಆರಂಭಿಸಿತು. ಅದೇ ಈಗಿನ ಕರ್ನಾಟಕ ಸರಕಾರಿ ವಿಮಾ ಇಲಾಖೆ. ನನ್ನ ಮೊದಲ ಸಂಬಳದ ವರ್ಷದಿಂದಲೂ ಅದರ ಕಂತನ್ನು ಮುರಿದುಕೊಂಡೇ ಹಣ ಕೈಗೆ ಬರುತ್ತಿತ್ತು. ಹಾಗೆ ಮುರಿದುಕೊಳ್ಳುವರೆಂದು ಆಗ ಗೊಣಗುತ್ತಿದ್ದೆ. ಬಲವಂತವಾಗಿ ಉಳಿಸಲ್ಪಟ್ಟವನು ತನ್ನನ್ನು ತಾನೇ ಜಾಣನೆಂದು ಭಾವಿಸುವುದು ಲೋಕರೂಢಿ.

ಪ್ರಕೃತ ವಿಷಯಕ್ಕೆ ಬರೋಣ. ಕೆಲವು ವರ್ಷಗಳ ಕೆಳಗೆ, ನನ್ನ ಮನೆಯವರ ಒತ್ತಾಯದಿಂದಲೇ, ಈ ಶಿಷ್ಯನು ಅಪಘಾತ ವಿಮೆಯ ಅರ್ಜಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದನು. ಜಗುಲಿಯ ಮೇಲೆ ಕುಳಿತು ಒಂದೊಂದೇ ಅಂಕಣವನ್ನು ತುಂಬಿಸಿದೆವು.

“ಇಲ್ಲಿ ಉದ್ಯೋಗ ಎಂದು ಕೇಳಿದ್ದಾರೆ. ಏನು ಬರೆಯಲಿ ಮೇಷ್ಟ್ರೆ?”

“ನೀನು ಮಾಡುವುದೇನಪ್ಪಾ? ಕಲಿಸುವುದು ತಾನೆ? ಶಿಕ್ಷಕ ಎಂದು ಬರೆ.”

ಅವನ ಮುಖ ಅರಳಿತು. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಕುಳಿತ ಹುಡುಗನನ್ನು ಅವನ ಮೇಷ್ಟರೇ ಶಿಕ್ಷಕನೆಂದು ಕರೆದರೆ ಮುಖ ಅರಳದೆ ಇದ್ದೀತೆ? ನನಗೂ ಒಳಗೊಳಗೆ ಹೆಮ್ಮೆಯೇ. ಶಿಷ್ಯನು ನನ್ನ ಜಾತಿಗೆ ಸೇರಿದನೆಂಬ ಹೆಮ್ಮೆ. ಶಿಕ್ಷಕನೆಂಬ ಪದವು ವ್ಯಾಕರಣದಿಂದ ಶುದ್ಧವಾಗಿತ್ತು. ಧಾತುವೂ ಸರಿ, ಪ್ರತ್ಯಯವೂ ಸರಿ. ವಿಮೆಯ ಲೆಕ್ಕದಲ್ಲಿ ಮಾತ್ರ ಅದು ತಪ್ಪು.

ಹೇಗೆಂದರೆ, ಅಪಘಾತ ವಿಮೆಯಲ್ಲಿ ಕಂಪನಿಗಳು ಉದ್ಯೋಗಗಳನ್ನು ಅಪಾಯದ ತಾರತಮ್ಯವನ್ನನುಸರಿಸಿ ವರ್ಗಗಳಾಗಿ ವಿಂಗಡಿಸುವ ಪದ್ಧತಿಯುಂಟು. ಗುಮಾಸ್ತ, ವಕೀಲ, ಲೆಕ್ಕಿಗ, ಶಾಲಾಶಿಕ್ಷಕ ಮುಂತಾಗಿ ಕುರ್ಚಿಯ ಆಶ್ರಯವುಳ್ಳವರು ಮೊದಲನೆಯ ವರ್ಗ. ಇವರಿಗೆ ಕಂತು ಕಡಿಮೆ. ಮೈಮುರಿದು ದುಡಿಯುವವರು, ಯಂತ್ರದ ಕೆಲಸದವರು, ಕ್ರೀಡೆಯನ್ನೇ ವೃತ್ತಿಯಾಗಿ ಉಳ್ಳವರು ಎರಡನೆಯ ವರ್ಗ. ಗಣಿ, ಸಿಡಿಮದ್ದು, ಸರ್ಕಸ್ಸು, ಕುದುರೆ ಜೂಜಿನ ಸವಾರಿ ಇವು ಮೂರನೆಯದು. ಭಾರ ಎತ್ತಿ ತೋರಿಸಿ, ಪರರ ಭಾರವನ್ನೂ ಹಿಡಿಯಬೇಕಾದವನನ್ನು ಕಂಪನಿಯವರು ಮೊದಲನೆಯ ವರ್ಗದಲ್ಲಿ ಎಣಿಸರು. ಶಿಕ್ಷಕನೆಂದು ಬರೆದುದರಿಂದ ನನ್ನ ಶಿಷ್ಯನು ಮೊದಲನೆಯ ವರ್ಗದ ಕಂತನ್ನು ಕಟ್ಟಿದನು. ವರ್ಷವರ್ಷವೂ ನವೀಕರಣವಾದಾಗ ಅದೇ ಪದ, ಅದೇ ಕಂತು.

ಹೋದ ವರ್ಷ ಶ್ರಾವಣದಲ್ಲಿ ಒಂದು ಮುಂಜಾನೆ, ಸ್ಥೂಲಕಾಯದ ಗೃಹಸ್ಥರೊಬ್ಬರು ಹೆಗಲ ಮೇಲೆ ಕಬ್ಬಿಣದ ಭಾರ ಹೊತ್ತು ಕುಳಿತೇಳುತ್ತಿರುವಾಗ ತಪ್ಪಿ ವಾಲಿದರು. ಹಿಂದೆ ನಿಂತಿದ್ದ ಇವನು ಅವರನ್ನು ಹಿಡಿದನು, ಅವರು ಉಳಿದರು. ಇವನ ಪಾದ ನೆಲದಲ್ಲಿಯೇ ಊರಿದ್ದು ಮೊಣಕಾಲು ತಿರುಚಿಕೊಂಡಿತು. ಒಳಗಿನ ಕಟ್ಟುನರ ಹರಿದಿತ್ತು. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯವರು 1,85,000 ರೂಪಾಯಿಯ ಲೆಕ್ಕ ಕೊಟ್ಟರು. ಹೆಂಡತಿಯ ಸರ, ಬಳೆ ಗಿರವಿಗೆ ಹೋದುವು. ಜಿಮ್ಮಿನ ಯಜಮಾನರು ಹಣ್ಣು ತೆಗೆದುಕೊಂಡು ಒಂದು ಸಲ ನೋಡಿಹೋದರು. ಮರುವಾರ ಆ ಹೊತ್ತಿನ ತರಗತಿಗೆ ಬೇರೊಬ್ಬನನ್ನು ಗೊತ್ತುಮಾಡಿದರು. ಅವರನ್ನು ದೂಷಿಸುವ ಹಾಗಿಲ್ಲ. 1948ರ ಕಾನೂನಿನಂತೆ ನಡೆದುಬಂದ ನೌಕರರ ರಾಜ್ಯ ವಿಮೆಯ ರಕ್ಷಣೆಯು ಸಂಬಳದ ನೌಕರನಿಗೆ. ಗಂಟೆಯ ಲೆಕ್ಕದಲ್ಲಿ ಬಂದು ಹೋಗುವ ಸ್ವತಂತ್ರನಿಗೆ ಅದು ದೊರೆಯುವುದಿಲ್ಲ. ಸ್ವಾತಂತ್ರ್ಯಕ್ಕೂ ಬೆಲೆಯುಂಟೆಂಬುದು ಅವನಿಗೆ ಹಾಸಿಗೆಯ ಮೇಲೆ ಗೊತ್ತಾಯಿತು.

ಇಪ್ಪತ್ತು ವಾರ ದುಡಿಮೆಯಿಲ್ಲ. ಅವನ ಪಾಲಿಸಿಯ ಪ್ರಕಾರ ಅಪಘಾತದಿಂದ ಕೆಲಸ ಮಾಡಲಾರದೆ ಇರುವ ಪ್ರತಿವಾರಕ್ಕೆ 4,000 ರೂಪಾಯಿ ಬರತಕ್ಕದ್ದು; ಒಟ್ಟು 80,000. ಇದೊಂದೇ ಆ ಸಂಸಾರದ ನಂಬಿಕೆಯಾಗಿತ್ತು. ಕಾಗದಪತ್ರಗಳನ್ನೆಲ್ಲ ಕಳುಹಿಸಿ ಕಾದದ್ದಕ್ಕೆ ಕಂಪನಿಯಿಂದ ಬಂದ ಉತ್ತರವೇನೆಂದರೆ, ‘ತಾವು ಉದ್ಯೋಗವನ್ನು ಶಿಕ್ಷಕರೆಂದು ತಿಳಿಸಿದ್ದೀರಿ, ಆಸ್ಪತ್ರೆಯ ಕಾಗದದಲ್ಲಿ ಜಿಮ್ಮಿನ ತರಬೇತಿದಾರರೆಂದಿದೆ, ಆದಕಾರಣ ಹಣ ಕೊಡಲಾಗುವುದಿಲ್ಲ.’ ಆ ಕಾಗದವನ್ನು ಅವನು ನನ್ನ ಕೈಯಲ್ಲಿಟ್ಟು ಏನೂ ಮಾತನಾಡದೆ ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತನು. ಒಂದು ನಿಂದೆಯ ಮಾತು ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ವಿಮೆಯು ಪರಮ ಸದ್ಭಾವದ ಮೇಲೆ ನಿಂತ ಒಪ್ಪಂದ. ಅಂಗಡಿಯಲ್ಲಿ ಬದನೆಕಾಯಿ ಕೊಳ್ಳುವವನು ತಾನೇ ತಿರುಗಿಸಿ ನೋಡಿ ಕೊಳ್ಳಬಹುದು. ವಿಮಾ ಕಂಪನಿಯವನಾದರೋ ನಾವು ಹೇಳಿದುದನ್ನು ನಂಬಿ ಅಪಾಯದ ಬೆಲೆ ಕಟ್ಟುತ್ತಾನೆ. ಆದ್ದರಿಂದ ಕೇಳಿದುದಕ್ಕೆ ಪೂರ್ಣವಾದ, ನಿಜವಾದ ಉತ್ತರವನ್ನು ಕೊಡುವುದು ನಮ್ಮ ಕರ್ತವ್ಯ. ಕೆಲವು ಏಜೆಂಟರು, “ಅದೆಲ್ಲ ಬರೆಯಬೇಡಿ ಸ್ವಾಮಿ, ಕಂತು ಹೆಚ್ಚಾಗುತ್ತದೆ” ಎನ್ನುವುದುಂಟು. ಹಣ ಕೊಡುವ ದಿವಸ ಆ ಏಜೆಂಟರ ಬಾಯಿಮಾತನ್ನು ಯಾರೂ ಕೇಳುವುದಿಲ್ಲ. ಸಹಿ ಇರುವುದು ನಮ್ಮದು. ರಕ್ತದ ಒತ್ತಡ, ಸಕ್ಕರೆ, ಉಬ್ಬಸ, ಹಳೆಯ ಮುರಿತ, ತಂಬಾಕು ಯಾವುದನ್ನೂ ಬಚ್ಚಿಡಕೂಡದು. ವಾರಾಂತ್ಯದಲ್ಲಿ ಬೆಟ್ಟ ಹತ್ತಿಸುವ ಕೆಲಸವಿದ್ದರೆ ಅದನ್ನೂ ಬರೆಯಬೇಕು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಎದ್ದು ಕಂಪನಿಯ ದೂರು ವಿಭಾಗಕ್ಕೆ ಎರಡು ಪುಟದ ಪತ್ರ ಬರೆದೆ. ಅರ್ಜಿಯಲ್ಲಿ ಆ ಪದವನ್ನು ಬರೆಯಿಸಿದವನು ನಾನು; ಮೋಸದ ಉದ್ದೇಶವಿರಲಿಲ್ಲ; ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ಪದಾರ್ಥ ಹೇಳಿದವನಿಗೆ ಈ ಪದದ ಅರ್ಥ ತಿಳಿಯದೆ ಹೋಯಿತು; ಸರಿಯಾದ ವರ್ಗಕ್ಕೆ ಸಲ್ಲಬೇಕಾದ ಕಂತಿಗೂ ಕಟ್ಟಿದ ಕಂತಿಗೂ ಇರುವ ಪ್ರಮಾಣದಂತಾದರೂ ಹಣ ಕೊಡಬೇಕು, ಎಂಬುದು ಅದರ ಸಾರ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ವಿಮಾ ಲೋಕಪಾಲರ ಬಳಿಗೆ ಹೋಗಬಹುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅವರ ಕಚೇರಿ ಬೆಂಗಳೂರಿನಲ್ಲಿಯೂ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿಯವರೆಗೆ ತೀರ್ಪು ಕೊಡುವ ಅಧಿಕಾರ ಅವರಿಗುಂಟು. ಕಂಪನಿಯ ಕಡೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡತಕ್ಕದ್ದು.

ಪತ್ರ ಹೋದ ಮೇಲೆ, ಮೊದಲೇ ತಿಳಿದುಕೊಂಡಿರಬೇಕಾಗಿದ್ದ ಸಂಗತಿಗಳನ್ನು ವಿಚಾರಿಸುತ್ತ ಹೋದೆ. ಅಪಘಾತ ವಿಮೆಯೊಂದೇ ಇದ್ದರೆ ಡೆಂಗ್ಯೂ ಜ್ವರಕ್ಕೂ ಕರುಳಿನ ಶಸ್ತ್ರಚಿಕಿತ್ಸೆಗೂ ಕಾಸು ಹುಟ್ಟದು. ಅದಕ್ಕೆ ಆರೋಗ್ಯ ವಿಮೆ ಬೇರೆಯಾಗಿಯೇ ಬೇಕು. ಆರೋಗ್ಯ ವಿಮೆಯಿದ್ದರೂ ಅದು ಆಸ್ಪತ್ರೆಯ ಲೆಕ್ಕವನ್ನು ತೀರಿಸೀತೇ ಹೊರತು ಮನೆಯಲ್ಲಿ ಕುಳಿತ ವಾರಗಳ ಅಕ್ಕಿಬೇಳೆಯನ್ನು ತಾರದು. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ವಿಧಿಸಿದ ‘ಆರೋಗ್ಯ ಸಂಜೀವಿನಿ’ ಎಂಬ ಪಾಲಿಸಿ 2020ರಿಂದಲೂ, ‘ಸರಳ ಸುರಕ್ಷಾ ಬಿಮಾ’ ಎಂಬ ಅಪಘಾತ ಪಾಲಿಸಿ 2021ರಿಂದಲೂ ದೊರೆಯುತ್ತವೆ. ಷರತ್ತು ಒಂದೇ ಆದುದರಿಂದ ಕಂತುಗಳನ್ನು ಹೋಲಿಸುವುದು ಸುಲಭ. ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿ 2024ರ ನಿಯಮದಂತೆ ಮೂರು ವರ್ಷವನ್ನು ಮೀರಕೂಡದು. ಐದು ವರ್ಷ ಬಿಡದೆ ಕಂತು ಕಟ್ಟಿದವನ ಆರೋಗ್ಯ ಪಾಲಿಸಿಯನ್ನು, ಮೋಸವೆಂದು ಸಿದ್ಧವಾದ ಹೊರತು, ‘ಅದನ್ನು ಹೇಳಲಿಲ್ಲ, ಇದನ್ನು ಹೇಳಲಿಲ್ಲ’ ಎಂದು ತಳ್ಳಿಹಾಕುವಂತಿಲ್ಲ. ಪಾಲಿಸಿ ಕೈಗೆ ಬಂದ ಮೂವತ್ತು ದಿವಸದೊಳಗೆ ಓದಿ, ಬೇಡವೆಂದರೆ ಹಿಂದಿರುಗಿಸಬಹುದು. ಓದುವವರು ಯಾರು ಎಂಬುದು ಬೇರೆ ಮಾತು. ವ್ಯಕ್ತಿಗಳ ಜೀವ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲೆ ಇದ್ದ ಜಿ.ಎಸ್.ಟಿ. ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವುದು ಒಂದು ಉಪಕಾರವೇ.

ಬಡವರಿಗಾಗಿ 2015ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಎರಡು ಯೋಜನೆಗಳು ಬ್ಯಾಂಕಿನ ಖಾತೆಯಿಂದಲೇ ನಡೆಯುತ್ತವೆ. ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ; ಅಪಘಾತದಿಂದ ಮರಣವೋ ಪೂರ್ಣ ಅಂಗವೈಕಲ್ಯವೋ ಆದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ. ಮರಣಕ್ಕೆ 2 ಲಕ್ಷ. ಒಂದು ತಟ್ಟೆ ಇಡ್ಲಿಯ ಬೆಲೆಗೆ ಸಿಕ್ಕುವ ಮೊದಲನೆಯದನ್ನು ಮಾಡಿಸದಿರುವವನಿಗೆ ನಾನೇನು ಹೇಳಲಿ? ಆದರೆ ಮೊಣಕಾಲು ಹರಿದು ಐದು ತಿಂಗಳಲ್ಲಿ ಸರಿಹೋಗುವವನಿಗೆ ಇವೆರಡರಿಂದಲೂ ಬರುವುದು ಸೊನ್ನೆ. ವಾರದ ಹಣ ಕೊಡುವ ಪಾಲಿಸಿಯನ್ನೇ ಕೇಳಿ ಪಡೆಯಬೇಕು.

ಇನ್ನೊಂದು ಮುಖವುಂಟು. ವಾಲಿದ ಆ ಗೃಹಸ್ಥರನ್ನು ಇವನು ಹಿಡಿಯದೆ ಇದ್ದಿದ್ದರೆ, ಅವರ ಬೆನ್ನುಮೂಳೆಯ ಹೊಣೆ ಯಾರದು? ಇಂಗ್ಲೆಂಡಿನಲ್ಲಿ ಸ್ವತಂತ್ರ ವ್ಯಾಯಾಮ ಶಿಕ್ಷಕರು ಪರರಿಗೆ ಆಗುವ ಹಾನಿಯ ಹೊಣೆಗೆಂದೇ ವಿಮೆ ಮಾಡಿಸುವುದು ರೂಢಿ. ಆ ಕಾಗದವಿಲ್ಲದವರಿಗೆ ಎಷ್ಟೋ ಸಂಸ್ಥೆಗಳು ತರಗತಿಯನ್ನೇ ಕೊಡುವುದಿಲ್ಲ. ನಮ್ಮಲ್ಲಿ ವೈದ್ಯರೂ ವಕೀಲರೂ ವೃತ್ತಿಹೊಣೆಯ ವಿಮೆಯನ್ನು ಬಲ್ಲರು. ವ್ಯಾಯಾಮ ಶಿಕ್ಷಕರು ಅದರ ಹೆಸರನ್ನೂ ಕೇಳಿರುವುದು ಅಪೂರ್ವ. ಹಣ ತೆಗೆದುಕೊಂಡು ಮಾಡಿದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಯಾರೂ ಆಯೋಗಕ್ಕೆ ದೂರು ಕೊಡಬಹುದು. ‘ಏನಾದರೂ ಆದರೆ ನನ್ನ ಹೊಣೆಯಲ್ಲ’ ಎಂದು ಮೊದಲ ದಿವಸವೇ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಅಜಾಗರೂಕತೆಯ ಹೊಣೆ ತೀರಿತೆಂದು ನೆಚ್ಚಿಕೊಳ್ಳಲಾಗದು. ಕಂಪನಿಗೆ ತನ್ನ ಕೆಲಸವನ್ನು ವಿವರವಾಗಿ ಬರೆದು, ಇಂಥ ಹೊಣೆಯ ವಿಮೆ ತನಗೆ ಸಿಕ್ಕುವುದೇ ಎಂದು ಲಿಖಿತದಲ್ಲಿಯೇ ಕೇಳಬೇಕು. ಬಾಯಿಮಾತು ಬೇಡ.

ಇನ್ನು ಊಟದ ಸಂಗತಿ. ಇದು ನನ್ನ ಮನೆಯವರ ಕ್ಷೇತ್ರ. ನಾನು ಬರಿಯ ಲಿಪಿಕಾರ. ಶಸ್ತ್ರಚಿಕಿತ್ಸೆಯ ಅನಂತರ ಅವನ ಹೆಂಡತಿ ಕೆಲಸಕ್ಕೆ ಹೋಗಬೇಕಾಗಿ ಬಂದುದರಿಂದ ಕೆಲವು ವಾರ ಮಧ್ಯಾಹ್ನದ ಊಟಕ್ಕೆ ಅವನು ನಮ್ಮ ಮನೆಗೇ ಬರುತ್ತಿದ್ದನು. ಒಂದು ದಿವಸ ಇವಳು ಬಡಿಸುತ್ತ ಕೇಳಿದಳು: “ಏನಪ್ಪಾ, ಊರವರಿಗೆಲ್ಲ ಊಟದ ಪಟ್ಟಿ ಬರೆದುಕೊಡುತ್ತೀಯಂತೆ. ನೀನು ದಿನಾ ಏನು ತಿನ್ನುತ್ತಿದ್ದೆ?” ಅವನು ತಲೆ ತಗ್ಗಿಸಿದನು. ಬೆಳಗಿನ ಐದಕ್ಕೆ ಕಾಫಿ. ಎರಡು ತರಗತಿಯ ನಡುವೆ ಬಾಳೆಹಣ್ಣು. ಒಂಬತ್ತಕ್ಕೆ ಡಬ್ಬದ ಪುಡಿಯನ್ನು ನೀರಿಗೆ ಕಲಸಿ ಒಂದು ಲೋಟ. ಊಟ ಮೂರು ಗಂಟೆಗೆ. ರಾತ್ರಿ ಹತ್ತೂವರೆಗೆ ದಾರಿಯಲ್ಲಿ ಸಿಕ್ಕಿದ್ದು. ಆ ಪುಡಿಯ ಡಬ್ಬಕ್ಕೆ ತಿಂಗಳಿಗೆ ಮೂರು ಸಾವಿರ! ಆರೋಗ್ಯ ವಿಮೆಯ ಕಂತಿಗೆ ಹಣವಿಲ್ಲವೆಂದಿದ್ದವನು ಇವನೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದು ಬೆಳೆದುದು. ಅದು 2024ರಲ್ಲಿ ಪ್ರಕಟಿಸಿದ ಆಹಾರ ಸೂತ್ರಗಳಲ್ಲಿ, ಮೈ ಬೆಳೆಸುವುದಕ್ಕಾಗಿ ಇಂಥ ಪ್ರೋಟೀನ್ ಪುಡಿಗಳನ್ನು ತಿನ್ನಬೇಡಿರೆಂದೇ ಹೇಳಿದೆ. ಸಾಮಾನ್ಯನಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರು, ಕಡಲೆಕಾಯಿ ಮುಂತಾದ ಬೀಜ 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇದು ಅವರ ತಟ್ಟೆ. ನಮ್ಮ ಮನೆಗಳ ತಟ್ಟೆಯಲ್ಲಿ ಅನ್ನದ ಗುಡ್ಡವೂ ಪಲ್ಯದ ಚುಕ್ಕೆಯೂ ಇರುವುದನ್ನು ನೋಡಿದರೆ, ಎಲ್ಲಿ ತಪ್ಪಿದ್ದೇವೆಂಬುದು ಕಣ್ಣಿಗೇ ಕಾಣುವುದು.

ಆಕ್ಷೇಪಣೆ ಬರಬಹುದು: ಮೈಮುರಿದು ದುಡಿಯುವವನಿಗೆ ಪ್ರೋಟೀನು ಹೆಚ್ಚು ಬೇಡವೆ? ಬೇಕು. ಸಾಮಾನ್ಯನಿಗೆ ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ 0.83 ಗ್ರಾಂ ಎಂದಿದ್ದರೆ, ಇವನಿಗೆ ಅದರ ಒಂದೂವರೆಯಿಂದ ಎರಡು ಪಟ್ಟು ಹಿಡಿಯೋಣ. ಎಪ್ಪತ್ತು ಕಿಲೋ ತೂಗುವವನಿಗೆ ಸುಮಾರು 87 ಗ್ರಾಂ ಒಂದೂವರೆ ಪಟ್ಟಾಯಿತು. ನನ್ನ ಮನೆಯಾಕೆ ಸ್ಲೇಟು ಹಿಡಿಯದೆ ಲೆಕ್ಕ ಹೇಳಿದಳು. ನಾನು ಪುಸ್ತಕ ನೋಡಿ ತಾಳೆ ಹಾಕಿದೆ. ರಾಗಿ, ಅಕ್ಕಿ, ಗೋಧಿ ಸೇರಿ 300 ಗ್ರಾಮಿನಿಂದ ಸುಮಾರು 25. ಹುರುಳಿಯೋ ಅಲಸಂದೆಯೋ ತೊಗರಿಯೋ 100 ಗ್ರಾಮಿನಿಂದ 22. ಅರ್ಧ ಲೀಟರು ಹಾಲು ಮೊಸರಿನಿಂದ 16. ಒಂದು ಹಿಡಿ ಮಿಕ್ಕ ಕಡಲೆಕಾಯಿ ಬೀಜ, 50 ಗ್ರಾಂ, ಅದರಿಂದ 12. ತಿನ್ನುವವರಾದರೆ ಎರಡು ಮೊಟ್ಟೆಯಿಂದ 12. ಎಂಬತ್ತೇಳಕ್ಕೆ ಎಂಬತ್ತೇಳು! ಮೊಟ್ಟೆ ತಿನ್ನದವರು ಕಾಳನ್ನೂ ಮೊಸರನ್ನೂ ಹೆಚ್ಚಿಸಿಕೊಳ್ಳಲಿ. ಧಾನ್ಯ ಮೂರು ಪಾಲಿಗೆ ಬೇಳೆ ಒಂದು ಪಾಲು ಕೂಡಿದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುವುದೆಂದು ಆ ಸಂಸ್ಥೆಯವರೂ ಹೇಳುತ್ತಾರೆ. ಹುರುಳಿಯ ಸಾರಿನೊಡನೆ ಮುದ್ದೆ ನುಂಗಿದ ನಮ್ಮ ರೈತರು ಅದನ್ನು ಯಾವ ಸಂಸ್ಥೆಯಲ್ಲಿಯೂ ಕಲಿಯಲಿಲ್ಲ. ರಾಗಿಯ ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಸತ್ವವಿರುವುದು ಮೂಳೆಯವರಿಗೆ ಲಾಭ.

ಪರಿಮಾಣದಷ್ಟೇ ಕಾಲವೂ ಮುಖ್ಯ. ಮುಂಜಾನೆ ಹೊರಡುವ ಮುನ್ನ ಬಾಳೆಹಣ್ಣು, ನಾಲ್ಕು ನೆನೆಸಿದ ಬೀಜ. ಎಂಟೂವರೆಗೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋದ ರಾಗಿರೊಟ್ಟಿಯೋ ಹೆಸರುಕಾಳಿನ ಉಸಲಿಯೋ. ಒಂದು ಗಂಟೆಗೆ ಊಟ. ಸಾಯಂಕಾಲದ ತರಗತಿಗೆ ಮುಂಚೆ ಮಜ್ಜಿಗೆ. ರಾತ್ರಿ ತಡವಾದರೆ ಲಘು. ಹೀಗೆಂದು ಗೊತ್ತುಮಾಡಿಕೊಟ್ಟಳು. ಚರಕನು ಸೂತ್ರಸ್ಥಾನದ ಐದನೆಯ ಅಧ್ಯಾಯವನ್ನು ಆಹಾರದ ಮಾತ್ರೆಯ ವಿಚಾರದಿಂದಲೇ ಆರಂಭಿಸಿ, ಅದು ಅವರವರ ಜಠರಾಗ್ನಿಯನ್ನು ಅವಲಂಬಿಸಿರುವುದೆಂದಿದ್ದಾನೆ. ವಾಗ್ಭಟನಾದರೋ ಬಲಿಷ್ಠರು ಕೂಡ ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದು ವಿಧಿಸಿ, ಮಿತಿಮೀರಿದವನಿಗೆ ಕ್ಷಯ, ಕೆಮ್ಮು, ಜ್ವರಗಳು ಬರುವುವೆಂದು ಎಚ್ಚರಿಸಿದ್ದಾನೆ. ದಿನಕ್ಕೆ ಐದು ತರಗತಿಯಲ್ಲಿ ಐದು ಸಲ ಮಾಡಿತೋರಿಸುವವನು ಅರ್ಧಶಕ್ತಿಯ ಲೆಕ್ಕವನ್ನು ಎಲ್ಲಿಂದ ಇಡಬೇಕು? ಈಗ ಅವನು ಕೆಲವು ತರಗತಿಗಳಲ್ಲಿ ಬಾಯಿಯಿಂದ ಹೇಳಿ ಕೈಯಿಂದ ತಿದ್ದುತ್ತಾನೆ, ತಾನು ಮಾಡುವುದಿಲ್ಲ. ಸಕ್ಕರೆಕಾಯಿಲೆಯವರಿಗೂ ಬಸುರಿಯರಿಗೂ ಊಟದ ಪಟ್ಟಿ ಬರೆದುಕೊಡುವುದನ್ನು ಬಿಟ್ಟಿದ್ದಾನೆ. ವೈದ್ಯರನ್ನೋ ಆಹಾರತಜ್ಞರನ್ನೋ ಕೇಳಿ ಬನ್ನಿರೆನ್ನುತ್ತಾನೆ. ಅದೂ ಒಂದು ಹೊಣೆಯೇ ತಾನೆ.

ಯೋಗಕ್ಷೇಮವೆಂಬ ಪದವನ್ನು ನಾವು ಕಾಗದದ ತಲೆಯಲ್ಲಿ ಬರೆದು ಬರೆದು ಅರ್ಥವನ್ನು ಸವೆಸಿದ್ದೇವೆ. ಇಲ್ಲದುದು ದೊರೆಯುವುದು ಯೋಗ. ದೊರೆತುದನ್ನು ಕಾಯುವುದು ಕ್ಷೇಮ. ಜೀವ ವಿಮಾ ನಿಗಮವು ಗೀತೆಯಿಂದ ಈ ಪದವುಳ್ಳ ವಾಕ್ಯವನ್ನೇ ತನ್ನ ಲಾಂಛನಕ್ಕೆ ಆರಿಸಿಕೊಂಡಿದೆ. ನನ್ನ ಶಿಷ್ಯನು ದಿನವೂ ನಾಲ್ಕು ಮನೆಗಳಲ್ಲಿ ಪದದ ಪೂರ್ವಾರ್ಧವನ್ನು ಕಲಿಸುತ್ತಿದ್ದನೆಂದು ನಾನೊಮ್ಮೆ ಹಾಸ್ಯಮಾಡಿದೆ. ಅವನು ನಕ್ಕನು, ಮನೆಯಾಕೆ ನಗಲಿಲ್ಲ.

ಹೋದ ವಾರ ಕಂಪನಿಯ ಉತ್ತರ ಬಂದಿತು. ಕಟ್ಟಿದ ಕಂತು ಕಟ್ಟಬೇಕಾಗಿದ್ದುದರ ಮೂರರಲ್ಲಿ ಎರಡು ಪಾಲಾದುದರಿಂದ ಹಣವನ್ನೂ ಅದೇ ಪ್ರಮಾಣದಲ್ಲಿ ಕೊಡುವರಂತೆ, 53,333 ರೂಪಾಯಿ. ಉಳಿದ 26,667 ನನ್ನ ಪದದ ಬೆಲೆ. ಅದನ್ನು ನಾನು ಕೊಡುವೆನೆಂದೆ. ಅವನು ಒಪ್ಪಲಿಲ್ಲ, “ನೀವು ನನ್ನನ್ನು ಶಿಕ್ಷಕ ಎಂದು ಕರೆದಿರಿ ಮೇಷ್ಟ್ರೆ, ಅದು ಸಾಕು” ಎಂದನು. ಕಡೆಗೆ ಮನೆಯವರು ಅವನ ಹೆಂಡತಿಯೊಡನೆ ಮಾತನಾಡಿ, ಆ ಕುಟುಂಬದ ಆರೋಗ್ಯ ವಿಮೆಯ ಈ ವರ್ಷದ ಕಂತನ್ನು ನಾವು ಕಟ್ಟುವುದೆಂದು ತೀರ್ಮಾನವಾಯಿತು. ಪುಡಿಯ ಡಬ್ಬದ ಹಣದಿಂದ ಮುಂದಿನ ವರ್ಷದ್ದನ್ನು ಅವನೇ ಕಟ್ಟತಕ್ಕದ್ದು.

ನವೀಕರಣದ ಅರ್ಜಿಯನ್ನು ಮೊನ್ನೆ ಅದೇ ಜಗುಲಿಯ ಮೇಲೆ ಹರಡಿಕೊಂಡು ಕುಳಿತೆವು. ಉದ್ಯೋಗದ ಅಂಕಣ ಬಂದಾಗ ಅವನು ಲೇಖನಿಯನ್ನು ನನ್ನ ಕಡೆಗೆ ಚಾಚಿದನು. ನೀನೇ ಬರೆಯಪ್ಪಾ ಎಂದೆ. ಅಂಕಣ ಚಿಕ್ಕದು, ಅಕ್ಷರಗಳನ್ನು ಒತ್ತೊತ್ತಾಗಿ ಜೋಡಿಸಿ, ‘ವ್ಯಾಯಾಮ ಮತ್ತು ಯೋಗ ತರಬೇತಿ, ಭಾರ ಎತ್ತುವುದು, ಸ್ವಂತ ದುಡಿಮೆ’ ಎಂದು ಬರೆದನು. ಕಡೆಯ ಎರಡು ಪದಗಳು ಗೆರೆಯ ಹೊರಕ್ಕೆ ಹೋದುವು. ಕೈಬರಹ ಈಗಲೂ ಸುಧಾರಿಸಿಲ್ಲ; ಆ ವಿಷಯ ಮುಂದಿನ ತಿಂಗಳು.